ಅಪ್ಪನ ಜಿಜಿಟಿ ಮತ್ತು ಇಪ್ಪತ್ಮೂರು ಗೀಟು

ಫೆಬ್ರವರಿ ೮, ಭಾನುವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಜಗಲಿಯ ಮೇಲೆ ಅಪ್ಪ ತೋಳಿಗೆ ಪಟ್ಟಿ ಸುತ್ತಿಕೊಂಡು ಬಿ.ಪಿ. ನೋಡಿಕೊಳ್ಳುತ್ತಿದ್ದಾನೆ. ಮಿಷನ್ನು ಕೂಗುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಈಗಲೂ ಬೀದಿಯಲ್ಲಿ ಹೋಗುತ್ತಿದ್ದ ಯಾರನ್ನೋ "ಎತ್ತಾಗ್ಲಾ ಒಂಟೆ?" ಎಂದು ವಿಚಾರಿಸಿದ. ೧೩೮/೮೬. ಮಾತಾಡಿದ್ದಕ್ಕೆ ಒಂದೆರಡು ಏರಿರಬಹುದು, ಆದರೆ ನಾನು ಕಳೆದು ಬರೆಯುವವಳಲ್ಲ. ಮಿಷನ್ನು ತೋರಿಸಿದ್ದನ್ನೇ ಬರೆದು ಪಕ್ಕದಲ್ಲಿ 'ಮಾತಾಡಿದ' ಎಂದು ಸೇರಿಸಿದ್ದೇನೆ. ಈ ಪುಸ್ತಕದಲ್ಲಿ ಆ ಪದ ಎಷ್ಟು ಸಲ ಬಂದಿದೆ ಎಂದು ಈಗಷ್ಟೇ ಎಣಿಸಿದೆ. ಅರವತ್ತೆಂಟು ಸಲ.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ಭಾರತೀನಗರಕ್ಕೆ ಹತ್ತಿರ. ನಾನು ಗೆಜ್ಜಲಗೆರೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳನ್ನು ತಪಾಸಣೆ ಮಾಡುತ್ತೇನೆ. ನನ್ನ ಮೇಜಿನ ಮೇಲೆ ಮೂರು ಬುಟ್ಟಿಗಳಿವೆ. ಸರಿ ಇರುವ ಅಂಗಿ ಒಂದಕ್ಕೆ, ತಪ್ಪಿರುವುದು ಇನ್ನೊಂದಕ್ಕೆ. ತಪ್ಪೋ ಸರಿಯೋ ಗೊತ್ತಾಗದ್ದು ಮೂರನೆಯದಕ್ಕೆ. ಅದನ್ನು ನಾವು ಅನುಮಾನದ ಬುಟ್ಟಿ ಎನ್ನುತ್ತೇವೆ. ಪಾಳಿ ಮುಗಿಯುವ ಮೊದಲು ಆ ಬುಟ್ಟಿ ಖಾಲಿಯಾಗಬೇಕು, ಮರುದಿನಕ್ಕೆ ಒಂದು ಅಂಗಿಯನ್ನೂ ಉಳಿಸಬಾರದು ಎಂಬುದು ನಿಯಮ. ಎಣಿಸುವ ಚಾಳಿ ಕೆಲಸದಿಂದ ಮನೆಗೆ ಬಂತೋ, ಮನೆಯಿಂದ ಕೆಲಸಕ್ಕೆ ಹೋಯಿತೋ ನನಗೆ ತಿಳಿಯದು.

ಅಪ್ಪ ಆಲೆಮನೆಯಲ್ಲಿ ಪಾಕ ಇಳಿಸುವವನು. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿದು ಕುದಿದು ಬೆಲ್ಲವಾಗುವ ಹದ ಯಾವ ಗಳಿಗೆಯಲ್ಲಿ ಬಂತು ಎಂದು ಹೇಳುವುದು ಅವನ ಕೆಲಸ. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಒಂದು ನಿಮಿಷ ತಡವಾದರೆ ಸೀದುಹೋಗುತ್ತದೆ. ಎತ್ತರಕ್ಕಿಂತ ಅಗಲವೇ ಹೆಚ್ಚೆಂದು ಅವ್ವ ಅವನನ್ನು ರೇಗಿಸುತ್ತಾಳೆ. ಬೆಲ್ಲ ತೂಗುವ ತಕ್ಕಡಿಯ ಮೇಲೆಯೇ ಅವನು ತನ್ನನ್ನೂ ತೂಗಿಕೊಳ್ಳುತ್ತಾನೆ. ಕಳೆದ ಅಕ್ಟೋಬರ್ ಮೊದಲ ವಾರದಲ್ಲಿ ತೊಂಬತ್ತೇಳು ಕೆ.ಜಿ. ಇದ್ದ. ಬಿ.ಪಿ. ೧೫೨/೯೬.

ಅದಕ್ಕೆ ಎರಡು ವರ್ಷ ಏಳು ತಿಂಗಳು ಮೊದಲು, ಒಂದು ಮಾರ್ಚ್ ಮೂರರಂದು, ಅಪ್ಪ ಕುಡಿಯುವುದನ್ನು ಬಿಟ್ಟಿದ್ದ. ಅದರ ಹಿಂದಿನ ದಿನ ಕುಡಿದು ಒಲೆಯ ಮುಂದೆ ತೂಕಡಿಸಿ ಒಂದು ಕೊಪ್ಪರಿಗೆ ಪಾಕವನ್ನು ಕಪ್ಪಾಗಿಸಿದ್ದ. ಯಾರೂ ಬೈಯಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಎದ್ದು ಅವ್ವನ ಹತ್ತಿರ "ಇನ್ಮೇಲೆ ಮುಟ್ಟಕಿಲ್ಲ ಕಣೇ" ಅಂದ. ಅವ್ವ ಒಲೆಯ ಮುಂದಿನಿಂದಲೇ ನನ್ನನ್ನು ಕೂಗಿ, "ಇವತ್ತಿನ ತಾರೀಕು ಬರ್ಕೊ ನಿನ್ ಪುಸ್ತಕದಲ್ಲಿ. ಎಷ್ಟ್ ದಿನ ನಡೀತದೆ ನೋಡಾಣ" ಅಂದಳು. ಅಂದಿನಿಂದ ದಿನಾ ಸಂಜೆ ನಾನು ಒಂದು ಗೀಟು ಎಳೆಯುತ್ತಾ ಬಂದೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಅಕ್ಟೋಬರ್ ಹತ್ತರ ಸಂಜೆಗೆ ಒಂಬೈನೂರ ಐವತ್ಮೂರು ಗೀಟುಗಳಾಗಿದ್ದವು.

ಅಕ್ಟೋಬರ್ ೧೧, ಶನಿವಾರ. ಬಿ.ಪಿ. ಮಾತ್ರೆ ಕೊಡುವ ಮಂಡ್ಯದ ಡಾಕ್ಟರಮ್ಮ, ತೂಕವೂ ಜಾಸ್ತಿ ಇದೆ, ಒಮ್ಮೆ ರಕ್ತ ನೋಡಿಬಿಡೋಣ ಎಂದು ಚೀಟಿ ಬರೆದಿದ್ದರು. ಬೆಳಿಗ್ಗೆ ಅಪ್ಪ ಮದ್ದೂರಿನ ಒಂದು ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಆಲೆಮನೆಗೆ ಹೋದ. ಸಂಜೆ ಪಾಳಿ ಮುಗಿಸಿ ನಾನು, ಸಂತೆಗೆ ಬಂದಿದ್ದ ಅವ್ವ ಇಬ್ಬರೂ ರಿಪೋರ್ಟು ತರಲು ಹೋದೆವು. ಲಿವರಿನಿಂದ ರಕ್ತಕ್ಕೆ ಬರುವ ಮೂರು ಕಿಣ್ವಗಳ ಅಳತೆ ಅದರಲ್ಲಿತ್ತು. ಎಸ್‌ಜಿಪಿಟಿ ೯೨, ಎಸ್‌ಜಿಒಟಿ ೬೧, ಜಿಜಿಟಿ ೧೧೮. ಮೂರೂ ದಪ್ಪಕ್ಷರದಲ್ಲಿ ಅಚ್ಚಾಗಿದ್ದವು. ಪಕ್ಕದಲ್ಲಿ ಇರಬೇಕಾದ ಮಿತಿ ೪೫, ೪೦, ೫೫ ಎಂದಿತ್ತು.

"ಇದೇನವ್ವಾ ಇಷ್ಟೊಂದು?" ಎಂದು ಅವ್ವ ರಿಪೋರ್ಟು ಕೊಟ್ಟ ಹೆಂಗಸನ್ನು ಕೇಳಿದಳು.

"ಡಾಕ್ಟ್ರಿಗೆ ತೋರ್ಸಿ ಕಣಮ್ಮ. ಜಿಜಿಟಿ ಕುಡಿಯೋರಿಗೆ ಜಾಸ್ತಿ ಬತ್ತದೆ ಸಾಮಾನ್ಯವಾಗಿ."

ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವ್ವನ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗೆ ಬಿತ್ತು.

ಆ ಸಂಜೆ ನಾನು ಪುಸ್ತಕ ತೆರೆದೆ. ಗೀಟು ಎಳೆಯಲು ಕೈ ಬರಲಿಲ್ಲ. ಆ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಅವ್ವ ಅಪ್ಪನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತು. ಅದರ ಬದಲು ಅವಳು ಅವನೊಂದಿಗೆ ನೇರವಾಗಿ ಮಾತಾಡುವುದನ್ನೇ ನಿಲ್ಲಿಸಿದಳು. ಮೂವರೂ ಒಂದೇ ಕೋಣೆಯಲ್ಲಿ ಮುದ್ದೆಯ ಮುಂದೆ ಕೂತಿದ್ದರೂ ಮಾತು ನನ್ನ ಮೂಲಕವೇ ಹೋಗಬೇಕಿತ್ತು.

"ನಿಮ್ಮಪ್ಪಂಗೆ ಇಟ್ಟು ಬೇಕಾ ಕೇಳು."

"ನಿಮ್ಮವ್ವಂಗೆ ಸಾಕು ಅನ್ನು" ಎಂದು ಅಪ್ಪ, ಅವಳ ಮುಖ ನೋಡುತ್ತಲೇ ಹೇಳುತ್ತಿದ್ದ.

"ಸಾಕಾಗ್ತದೆ. ಒರಗಡೆ ಒಟ್ಟೆ ತುಂಬುಸ್ಕಂಡು ಬಂದಿರೋರ್ಗೆ ಇಟ್ಟು ಯಾಕೆ ಸೇರ್ತದೆ?"

ಅಪ್ಪನಿಗೆ ಅರ್ಥವಾಗಿತ್ತು. ರಿಪೋರ್ಟನ್ನು ಅವನೂ ಓದಿದ್ದ. ಆಲೆಮನೆಯಲ್ಲಿ ಯಾರೋ ಅವನಿಗೂ ಅದೇ ಮಾತು ಹೇಳಿದ್ದರು. ಒಂದು ಸಂಜೆ ನನಗೆ ಮಾತ್ರ ಕೇಳುವ ಹಾಗೆ, "ಕುಡ್ದಿಲ್ಲ ಕಣವ್ವ" ಅಂದ. ನಾನು "ಹೂಂ" ಅಂದೆ. ಆ ಹೂಂ ಎಷ್ಟು ತೆಳ್ಳಗಿತ್ತೆಂದು ಅವನಿಗೂ ಗೊತ್ತಾಗಿರಬೇಕು. ಅಂದೂ ಪ್ರಶ್ನಾರ್ಥಕ ಚಿಹ್ನೆಯನ್ನೇ ಹಾಕಿದೆ. ಅದು ಒಂಬತ್ತನೆಯದು.

ಅಕ್ಟೋಬರ್ ೨೪ರಂದು ಅವ್ವ ಬಟ್ಟೆಯ ಚೀಲ ತೆಗೆದುಕೊಂಡು, ಮಳವಳ್ಳಿ ಹತ್ತಿರವಿರುವ ತನ್ನ ತಮ್ಮನ ಮನೆಗೆ ಹೊರಟಳು. "ಯಾವತ್ತು ಬತ್ತೀಯವ್ವ?" ಅಂದೆ. "ಬತ್ತೀನಿ" ಅಂದಳು. ಯಾವತ್ತು ಎಂಬುದನ್ನು ಹೇಳಲಿಲ್ಲ. ನನ್ನ ಪುಸ್ತಕದಲ್ಲಿ 'ಅವ್ವ ಹೋದದ್ದು: ೨೪, ಬರುವುದು:' ಎಂದು ಬರೆದು ಮುಂದೆ ಖಾಲಿ ಬಿಟ್ಟೆ.

ಮರುದಿನವಲ್ಲ, ಅದರ ಮರುದಿನ ಭಾನುವಾರ, ನನಗೆ ರಜ. ಅಪ್ಪನಿಗೆ ಬುತ್ತಿ ತೆಗೆದುಕೊಂಡು ಎಂಟು ಗಂಟೆಗೆ ಆಲೆಮನೆಗೆ ಹೋದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಬುತ್ತಿ ನೆಪವಾಗಿತ್ತು. ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ಬಾಟಲಿ ಇದೆಯೋ ಎಂದು ನೋಡಲು ಹೋಗಿದ್ದೆ. ಹೋದವಳೇ ನೋಡಿದೆ. ಒಂದು ಹರಿದ ಚಪ್ಪಲಿ ಬಿಟ್ಟರೆ ಅಲ್ಲೇನೂ ಇರಲಿಲ್ಲ.

ಗಾಣಕ್ಕೆ ಕಬ್ಬು ಕೊಡುವವರನ್ನು ನಾನು ಚಿಕ್ಕಂದಿನಿಂದ ಮಾವ ಎಂದೇ ಕರೆಯುವುದು. ಅವರು ನನ್ನನ್ನು ನೋಡಿ ನಕ್ಕರು. "ಏನವ್ವಾ, ಸಿಪ್ಪೆ ಒಳಗೆ ಏನು ಉಡುಕ್ತಿದ್ದೀಯೆ? ಮಾರ್ಕು ಕಮ್ಮಿ ಬಂದ ಕಾಗ್ದ ಬಚ್ಚಿಟ್ಟಿದ್ಯಾ?"

"ಚಪ್ಪಲಿ ಮಾವ."

"ಅದು ನಿಮ್ಮಪ್ಪಂದೇ. ಅವನ ಬಾರ ತಡೀನಾರ್ದೆ ಪ್ರಾಣ ಬುಟ್ಟದೆ."

ಅಪ್ಪ ಕೊಪ್ಪರಿಗೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ನಾನು ಸ್ವಲ್ಪ ದೂರದಲ್ಲಿ ಕೂತೆ. ಕೈಯಲ್ಲಿ ಪುಸ್ತಕ ಇದ್ದೇ ಇತ್ತು. ಕೂತು ಬೇಸರವಾಗಿ, ಅವನು ಏನೇನು ಮಾಡುತ್ತಾನೆಂದು ಗುರುತು ಹಾಕತೊಡಗಿದೆ.

ಪಾಕದ ಹದ ನೋಡುವ ಕ್ರಮ ಹೀಗೆ. ಕೊಪ್ಪರಿಗೆಯಿಂದ ಒಂದು ತೊಟ್ಟು ಪಾಕವನ್ನು ಬಟ್ಟಲಿನ ತಣ್ಣೀರಿಗೆ ಬಿಡಬೇಕು. ಅದನ್ನು ಬೆರಳಲ್ಲಿ ಉರುಳಿಸಿದರೆ ಉಂಡೆಯಾಗಬೇಕು. ಉಂಡೆ ಮೆತ್ತಗಿದ್ದರೆ ಇನ್ನೂ ಕುದಿಯಬೇಕು. ಬಟ್ಟಲಿನ ಅಂಚಿಗೆ ಹೊಡೆದಾಗ ಟಣ್ ಎಂದರೆ ಇಳಿಸಬೇಕು. ಒಂದೊಂದು ಕೊಪ್ಪರಿಗೆಗೆ ನಾಲ್ಕೈದು ಸಲವಾದರೂ ಹೀಗೆ ನೋಡುತ್ತಾರೆ. ಆ ಉಂಡೆಯನ್ನು ಎಸೆಯುವಂತಿಲ್ಲ. ನೆಲಕ್ಕೆ ಬಿದ್ದರೆ ಅವತ್ತಿನ ಬೆಲ್ಲ ಕೈಹಿಡಿಯುವುದಿಲ್ಲ ಎಂದು ನಂಬಿಕೆ. ತಿರುಗಿ ಕೊಪ್ಪರಿಗೆಗೂ ಹಾಕುವುದಿಲ್ಲ, ನೀರು ತಾಗಿರುತ್ತದೆ. ಪಾಕ ಇಳಿಸುವವನು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಅಪ್ಪನಿಗೆ ಅದನ್ನು ಕಲಿಸಿದ್ದು ತಾತ. ಉಂಡೆ ಕರಗುವ ರೀತಿಯಲ್ಲಿ ನಾಲಿಗೆಗೂ ಒಂದು ಹದ ತಿಳಿಯುತ್ತದಂತೆ.

ಎಂಟೂಕಾಲರಿಂದ ಒಂದು ಗಂಟೆಯವರೆಗೆ ನಾನು ಹಾಕಿದ ಗುರುತುಗಳು: ಉಂಡೆ ಹದಿನೇಳು. ಅದಲ್ಲದೆ ಹೊಸ ಗಾಡಿ ಕಬ್ಬು ಬಂದಾಗಲೆಲ್ಲ ಅದರ ಸಿಹಿ ನೋಡಲು ಒಂದೊಂದು ಲೋಟ ಕಬ್ಬಿನ ಹಾಲು. ನಾಲ್ಕು ಲೋಟ.

ನನ್ನ ಪುಸ್ತಕದ ಎಡಪುಟದಲ್ಲಿ ಅಪ್ಪನ ಆಹಾರದ ಲೆಕ್ಕವಿತ್ತು. ಬಿ.ಪಿ. ಮಾತ್ರೆ ಶುರುವಾದಾಗಲೇ ಡಾಕ್ಟರಮ್ಮ ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ ಮಾಡಿ ಎಂದಿದ್ದರು. ನಾನು ಮೂರಕ್ಕೂ ಒಂದೊಂದು ಸಾಲು ಮಾಡಿದ್ದೆ. ಉಪ್ಪು ಇಷ್ಟು, ಎಣ್ಣೆ ಇಷ್ಟು. ಸಕ್ಕರೆಯ ಸಾಲಿನಲ್ಲಿ ಐದು ತಿಂಗಳಿಂದ ಸೊನ್ನೆ, ಸೊನ್ನೆ, ಸೊನ್ನೆ. ಅಪ್ಪ ಸಪ್ಪೆ ಕಾಫಿ ಕುಡಿದು ಲೋಟ ಮಗುಚಿ ತೋರಿಸುತ್ತಿದ್ದ. ಆ ಸೊನ್ನೆಗಳನ್ನು ನಾನು ಎಷ್ಟು ದುಂಡಗೆ ಬರೆದಿದ್ದೆನೆಂದರೆ, ಈಗ ನೋಡಿದರೆ ಒಂದೊಂದೂ ಪಾಕದ ಉಂಡೆಯ ಹಾಗೇ ಕಾಣುತ್ತದೆ.

"ಅಪ್ಪಾ, ಸಕ್ಕರೆ ಬುಟ್ಟಿದ್ದೀನಿ ಅಂದಿದ್ದೆ?"

"ಬುಟ್ಟಿವ್ನಿ ಕಣವ್ವ. ಒಂದು ಚಮಚ ಮುಟ್ಟಿದ್ರೆ ಕೇಳು."

"ಈಗ ಬಾಯಿಗೆ ಹಾಕ್ಕೊಂಡೆಯಲ್ಲ, ಅದೇನು?"

ಅಪ್ಪ ಬೆರಳು ನೋಡಿಕೊಂಡ. ನಿಜವಾಗಿಯೂ ಅವನಿಗೆ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. "ಇದಾ? ಇದು ಹದ."

"ತಿಂದೆಯಲ್ಲ?"

"ತಿನ್ನಾದು ಎಲ್ಬಂತು? ಹದ ನೋಡ್ದೆ."

ಗಾಣದ ಮಾವ ಅಲ್ಲಿಂದಲೇ ಕೂಗಿದರು. "ಅವ್ನು ಮೂವತ್ತು ವರ್ಸದಿಂದ ಬರೀ ನೋಡ್ತಾವ್ನೆ ಕಣವ್ವ. ನೋಡಿ ನೋಡಿನೇ ಇಂಗಾಗವ್ನೆ!"

ನಾನೂ ನಕ್ಕೆ. ನಗುತ್ತಲೇ ಎಡಪುಟ ತಿರುಗಿಸಿ ನೋಡಿದೆ. ಅಪ್ಪ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ. ಬೆಲ್ಲದ ಊರಿನಲ್ಲಿ ಹುಟ್ಟಿ, ಬೆಲ್ಲ ಮಾಡುವವನ ಮಗಳಾಗಿ, ನನ್ನ ಪುಸ್ತಕದಲ್ಲಿ ಬೆಲ್ಲಕ್ಕೆ ಒಂದು ಸಾಲು ಇರಲಿಲ್ಲ. ಆದರೂ ಆ ಸಂಜೆ ಗೀಟು ಎಳೆಯಲಿಲ್ಲ. ಬೆಲ್ಲ ತಿಂದ ಎಂಬುದರಿಂದ ಕುಡಿದಿಲ್ಲ ಎಂದು ತೀರ್ಮಾನವಾಗುವುದಿಲ್ಲವಲ್ಲ. ನನ್ನ ಬುದ್ಧಿ ಕೆಲಸ ಮಾಡುವುದೇ ಹಾಗೆ.

ನವೆಂಬರ್ ೩, ಸೋಮವಾರ. ಮಂಡ್ಯದ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ಅವ್ವನಿಗೆ ಫೋನು ಮಾಡಿದಾಗ, "ನಾನೂ ಬತ್ತೀನಿ. ಅವ್ರ ಬಾಯಿಂದ್ಲೇ ಕೇಳ್ಬೇಕು" ಅಂದಳು. ಮಳವಳ್ಳಿ ಬಸ್ಸಿನಿಂದ ಚೀಲದ ಸಮೇತ ಇಳಿದಳು. ಚೀಲ ತಂದಿದ್ದು ಮನೆಗೆ ಬರಲೋ, ಬರೀ ಅಭ್ಯಾಸವೋ ತಿಳಿಯಲಿಲ್ಲ. ಅಪ್ಪ ಚೀಲವನ್ನೇ ನೋಡುತ್ತಿದ್ದ.

ಒಳಗೆ ಕೂತ ತಕ್ಷಣ ಅವ್ವ ಕೇಳಿದಳು. "ಮೇಡಂ, ಇವ್ರು ತಿರ್ಗ ಕುಡೀತಾವ್ರಾ ಇಲ್ವಾ, ಈ ಕಾಗ್ದ ನೋಡಿ ಯೋಳ್ಬುಡಿ."

"ಈ ಕಾಗದ ಅದನ್ನ ಹೇಳಲ್ಲಮ್ಮ" ಅಂದರು ಡಾಕ್ಟರಮ್ಮ. "ಲಿವರಿಗೆ ತೊಂದರೆ ಆಗ್ತಿದೆ ಅಂತ ಮಾತ್ರ ಹೇಳುತ್ತೆ. ಯಾತರಿಂದ ಅಂತ ಹೇಳಲ್ಲ. ಕುಡಿಯೋರಲ್ಲೂ ಏರುತ್ತೆ. ಬಿ.ಪಿ. ಇದ್ದು ಹೊಟ್ಟೆ ಬಂದಿರೋರಲ್ಲಿ, ಒಂದು ತೊಟ್ಟು ಕುಡೀದೇ ಇದ್ದರೂ, ಲಿವರಿನಲ್ಲಿ ಕೊಬ್ಬು ಕೂತು ಏರುತ್ತೆ." ಹಿಂದಿನ ವಾರ ಮಾಡಿಸಿದ್ದ ಹೊಟ್ಟೆಯ ಸ್ಕ್ಯಾನಿನಲ್ಲಿ ಕೊಬ್ಬು ಕಂಡಿದೆ ಎಂದೂ ಹೇಳಿದರು. ಕುಡಿತದಿಂದಾದರೆ ಸಾಮಾನ್ಯವಾಗಿ ಎಸ್‌ಜಿಒಟಿ ಮುಂದಿರುತ್ತದೆ, ಇಲ್ಲಿ ಎಸ್‌ಜಿಪಿಟಿ ಮುಂದಿದೆ, ಆದರೆ ಅದನ್ನೇ ಸಾಕ್ಷಿ ಎಂದು ಹಿಡಿದುಕೊಳ್ಳಬೇಡಿ ಎಂದರು. ನಾನು ಅಷ್ಟನ್ನೂ ಬರೆದುಕೊಂಡೆ.

ಆಮೇಲೆ ನನ್ನ ಹದಿನೇಳು ಉಂಡೆ, ನಾಲ್ಕು ಲೋಟದ ಲೆಕ್ಕ ಓದಿದೆ. ಅದೂ ಮಧ್ಯಾಹ್ನದವರೆಗೆ ಮಾತ್ರ ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಯಜಮಾನ್ರೇ, ಇಷ್ಟು ದಿನ ಇದನ್ನ ಯಾಕೆ ಹೇಳಲಿಲ್ಲ?"

"ನೀವು ಸಕ್ಕರೆ ಕೇಳಿದ್ರಿ ಮೇಡಂ" ಅಂದ ಅಪ್ಪ.

ಅವರು ನಗು ತಡೆದುಕೊಂಡರು. ಅವ್ವ ತಡೆದುಕೊಳ್ಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಭುಜ ಕುಲುಕುತ್ತಿತ್ತು. ಬೆಲ್ಲ, ಕಬ್ಬಿನ ಹಾಲು ಎರಡೂ ಬಿಡಬೇಕು, ದಿನಾ ನಡೆಯಬೇಕು, ಮೂರು ತಿಂಗಳಿಗೆ ತಿರುಗಿ ರಕ್ತ ನೋಡೋಣ ಎಂದು ಬರೆದುಕೊಟ್ಟರು. ಕುಡಿತವನ್ನಂತೂ ಮುಟ್ಟಲೇಬಾರದು ಎಂದೂ ಸೇರಿಸಿದರು. ಅಪ್ಪ ಅವ್ವನ ಕಡೆ ನೋಡಿ, "ಅದು ಬುಟ್ಟು ಬೋ ದಿನ ಆಯ್ತು" ಅಂದ. ಈ ಸಲ ನನ್ನ ಮೂಲಕ ಹೇಳಲಿಲ್ಲ.

ಬಸ್‌ ನಿಲ್ದಾಣದಲ್ಲಿ ಮಳವಳ್ಳಿಯ ಬಸ್ಸು ಹೊರಡಲು ನಿಂತಿತ್ತು. ಅವ್ವ ಅದರ ಮುಂದಿನಿಂದ ದಾಟಿ ಬಂದು ನಮ್ಮ ಬಸ್ಸು ಹತ್ತಿದಳು. ಹತ್ತಿ ಅಪ್ಪನ ಪಕ್ಕದಲ್ಲಿ ನಿಂತು, ಇಪ್ಪತ್ಮೂರು ದಿನದ ಮೇಲೆ ಅವನೊಂದಿಗೆ ಮೊದಲ ಮಾತು ಆಡಿದಳು. "ವಸಿ ಸರ್ಕೊಳಿ. ಸೀಟೆಲ್ಲಾ ನೀವೇ ತುಂಬ್ಕಂಡಿದ್ದೀರಿ."

ಆ ಸಂಜೆಯಿಂದ ತಿರುಗಿ ಗೀಟು ಎಳೆಯತೊಡಗಿದೆ. ಆದರೆ ಹಿಂದಿನ ಇಪ್ಪತ್ಮೂರು ಪ್ರಶ್ನೆಗಳನ್ನು ಹಾಗೇ ಬಿಟ್ಟೆ. ನಾನು ನೋಡದ ದಿನಗಳಿಗೆ ಹೇಗೆ ಗೀಟು ಎಳೆಯಲಿ ಎಂದುಕೊಂಡೆ. ಒಂಬೈನೂರ ಐವತ್ಮೂರು ದಿನ ಅವನ ಬಾಯಿಮಾತಿನ ಮೇಲೆಯೇ ಎಳೆದಿದ್ದೆನಲ್ಲ ಎಂಬುದು ಆಗ ನೆನಪಾಗಲಿಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅಪ್ಪ ತನ್ನ ಬಿ.ಪಿ. ತಾನೇ ಬರೆಯಲು ಹೋಗಿ ಆ ಪುಟ ತೆರೆದುಬಿಟ್ಟ. ಬೆರಳಿಟ್ಟು ಎಣಿಸಿದ. "ಇಪ್ಪತ್ಮೂರು" ಅಂದ. ನಾನು ಜಡೆ ಹೆಣೆಯುತ್ತಿದ್ದವಳು ಹಾಗೇ ನಿಂತೆ.

"ಅಂಗಿ ಸರಿಗಿದ್ಯೋ ಇಲ್ವೋ ಗೊತ್ತಾಗ್ದಿದ್ರೆ ಏನ್ಮಾಡ್ತೀರಿ ನೀವು ಪ್ಯಾಕ್ಟ್ರೀಲಿ?"

"ಪಕ್ಕಕ್ಕೆ ಮಡಗ್ತೀವಿ."

"ಅಂಗೇ ನನ್ನೂ ಪಕ್ಕಕ್ಕೆ ಮಡಗಿದ್ದೆ ಅನ್ನು." ನಕ್ಕು ಪುಸ್ತಕ ಮುಚ್ಚಿ ಕೊಟ್ಟ. "ನಿನ್ ಲೆಕ್ಕ ನೀನು ಸರಿಯಾಗಿ ಮಡಗ್ಬೇಕು ಕಣವ್ವ. ತಪ್ಪೇನಿಲ್ಲ." ಅವತ್ತು ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಗೆಜ್ಜಲಗೆರೆ ಬರುವವರೆಗೂ ನನಗೆ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ.

ಆಲೆಮನೆಯಲ್ಲಿ ಉಂಡೆಗಳಿಗೆ ಒಂದು ದಾರಿ ಮಾಡಬೇಕಾಯಿತು. ಮೊದಲ ವಾರ ಅಪ್ಪನಿಗೆ ಕೈಕಟ್ಟಿದ ಹಾಗಾಗಿ, ನಾಲಿಗೆಯ ಸಹಾಯವಿಲ್ಲದೆ ಒಂದು ಕೊಪ್ಪರಿಗೆ ಮೆತ್ತಗೆ ಇಳಿಯಿತು. ಆಮೇಲೆ ಕಿವಿಯನ್ನೇ ನಂಬಿದ. ಈಗ ಒಲೆಯ ಪಕ್ಕ ಒಂದು ತಟ್ಟೆ ಇಟ್ಟಿದ್ದಾನೆ. ಉಂಡೆ ನೆಲಕ್ಕೆ ಬೀಳುವುದಿಲ್ಲ, ತಟ್ಟೆಗೆ ಹೋಗುತ್ತದೆ. ಕಬ್ಬು ತರುವ ಗಾಡಿಯ ಎತ್ತುಗಳಿಗೆ ಒಂದೊಂದು ಸಿಗುತ್ತದೆ. ಅವು ನಮ್ಮ ಆಲೆಮನೆ ಕಂಡರೆ ಹೆಜ್ಜೆ ಜೋರು ಮಾಡುತ್ತವಂತೆ. "ಇನ್ನು ಎತ್ತುಗಳ ಜಿಜಿಟಿ ನೋಡುಸ್ಬೇಕು" ಎಂದು ಗಾಣದ ಮಾವ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ.

ಜನವರಿ ೩೧, ಶನಿವಾರ. ಬೆಳಿಗ್ಗೆ ಅಪ್ಪ ರಕ್ತ ಕೊಟ್ಟಿದ್ದ. ಸಂಜೆ ಅದೇ ಲ್ಯಾಬಿನ ಬೆಂಚಿನ ಮೇಲೆ ಮೂವರೂ ಕಾಯುತ್ತಿದ್ದೆವು. ಅಪ್ಪ ತೊಂಬತ್ತೊಂದು ಕೆ.ಜಿ.ಗೆ ಇಳಿದಿದ್ದರಿಂದ ಮೂವರಿಗೂ ಬೆಂಚು ಸಾಕಾಗಿತ್ತು. ಅವ್ವ ನನ್ನ ಚೀಲದತ್ತ ತೋರಿಸಿದಳು.

"ಆ ಗೀಟು ಎಳುದ್ಯಾ?"

ಆ ಇಪ್ಪತ್ಮೂರು ಪ್ರಶ್ನೆಗಳ ವಿಷಯ ಅವಳಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಪುಸ್ತಕ ಗುಟ್ಟೇನಲ್ಲ. "ಇಲ್ಲವ್ವ. ರಿಪೋರ್ಟು ಬರ್ಲಿ ಅಂತ."

"ರಿಪೋರ್ಟು ನೋಡ್ಕಂಡು ಎಳುದ್ರೆ ಅದೇನು ನಂಬ್ಕೆ? ನಾನು ಆವತ್ತು ಬಸ್ಸು ಅತ್ತುದ್ನಲ್ಲ, ಯಾವ ಕಾಗ್ದ ನೋಡಿ ಅತ್ತಿದ್ದೆ? ಈಗ್ಲೇ ಎಳಿ."

ಅಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತಾ ಕೂತಿದ್ದ. ಆ ಕ್ಯಾಲೆಂಡರಿನಲ್ಲಿ ಓದುವಂಥದ್ದೇನೂ ಇರಲಿಲ್ಲ. ನಾನು ತೊಡೆಯ ಮೇಲೆ ಪುಸ್ತಕವಿಟ್ಟು ಇಪ್ಪತ್ಮೂರು ಗೀಟು ಎಳೆದೆ. ಪ್ರಶ್ನೆಗಳನ್ನು ಅಳಿಸಲಿಲ್ಲ, ಹಾಕಿದ್ದು ನಾನೇ ತಾನೆ. ಅವುಗಳ ಕೆಳಗೇ ಎಳೆದೆ. ಆ ದಿನದ್ದೂ ಸೇರಿ ಸಾವಿರದ ಅರವತ್ತಾರು. ಅನುಮಾನದ ಬುಟ್ಟಿ ಖಾಲಿ ಮಾಡುವುದು ಮೂರು ತಿಂಗಳು ತಡವಾಗಿತ್ತು.

ಆಮೇಲೆ ನಮ್ಮನ್ನು ಕರೆದರು. ಎಸ್‌ಜಿಪಿಟಿ ೫೬, ಎಸ್‌ಜಿಒಟಿ ೩೯, ಜಿಜಿಟಿ ೮೧.

"ಜಿಜಿಟಿ ಇನ್ನೂ ಜಾಸ್ತಿನೇ ಅದೆ" ಅಂದ ಅಪ್ಪ. ಅವನ ದನಿ ಸಣ್ಣದಾಗಿತ್ತು.

"ಇದ್ರೆ ಇರ್ಲಿ ಬುಡಿ. ಏರಾಗ ನಮ್ಮನ್ನ ಕೇಳಿ ಏರ್ತಾ? ಇಳೀತದೆ" ಎಂದು ಅವ್ವ ಆ ಕಾಗದವನ್ನು ನಾಲ್ಕಾಗಿ ಮಡಿಸಿ ಸೊಪ್ಪಿನ ಚೀಲಕ್ಕೆ ಹಾಕಿದಳು. "ನಡೀರಿ, ಬಸ್ಸು ಓಯ್ತದೆ."

ಇಲ್ಲಿಗೆ ಎಂಟು ಗಂಟೆ ಐದು ನಿಮಿಷ. ಅಪ್ಪ ನಡೆಯಲು ಹೋಗಿ ಬಂದು ಸಪ್ಪೆ ಕಾಫಿ ಕುಡಿಯುತ್ತಿದ್ದಾನೆ. ನನಗೆ ಗೊತ್ತಿಲ್ಲದ ಎರಡು ವಿಷಯ ಉಳಿದಿವೆ. ಉಳಿದೆರಡು ಕಿಣ್ವಗಳು ಅಷ್ಟು ಇಳಿದರೂ ಜಿಜಿಟಿ ಯಾಕೆ ಹಿಂದೆ ಉಳಿಯಿತು? ರಿಪೋರ್ಟು ತೋರಿಸಲು ಹೋದಾಗ, ಕೆಲವರಲ್ಲಿ ಅದು ನಿಧಾನ ಎಂದಷ್ಟೇ ಡಾಕ್ಟರಮ್ಮ ಹೇಳಿದರು. ಎಷ್ಟು ನಿಧಾನ ಎಂದು ನಾನು ಕೇಳಲು ಮರೆತೆ. ಇನ್ನೊಂದು, ಬೇರೆ ಆಲೆಮನೆಗಳಲ್ಲಿ ಪಾಕ ಇಳಿಸುವವರು ಆ ಉಂಡೆಗಳನ್ನು ಏನು ಮಾಡುತ್ತಾರೆ, ಅವರಲ್ಲಿ ಯಾರಾದರೂ ರಕ್ತ ನೋಡಿಸಿಕೊಂಡಿದ್ದಾರೆಯೇ? ನಿಮ್ಮ ಮನೆಯಲ್ಲೂ ಬಿ.ಪಿ. ಮತ್ತು ತೂಕ ಎರಡೂ ಇರುವವರೊಬ್ಬರು ಇದ್ದು, ಇಂಥದೇ ಕಾಗದದಿಂದಾಗಿ ಯಾರಾದರೂ ಯಾರನ್ನಾದರೂ ತಪ್ಪು ತಿಳಿದಿದ್ದರೆ, ಅದನ್ನೂ ಬರೆದು ತಿಳಿಸಿ. ತಾರೀಕು ಹಾಕಿ ಬರೆಯಿರಿ. ಏನೇನು ತಿಂದರು ಎಂಬ ಲೆಕ್ಕವಿದ್ದರೆ, ಬರೀ ನೋಡಿದ್ದನ್ನೂ ಅದರಲ್ಲಿ ಸೇರಿಸಿ.